ಗೇಟು ಬೀಳುವಷ್ಟು ಹೊತ್ತು

ಪ್ರಾರ್ಥನೆಗೆಂದು ಎಲ್ಲರೆದುರು ಕಣ್ಣು ಮುಚ್ಚುವ ಧೈರ್ಯ ಕ್ರೈನ್‌ಗೆ ಯಾವತ್ತೂ ಇರಲಿಲ್ಲ. ಮನೆಯಲ್ಲಿ ಮುಚ್ಚುತ್ತಿದ್ದ. ಭಾನುವಾರ ಎರಡು ಹೊತ್ತು ಚರ್ಚಿನ ಸಭೆಯಲ್ಲಿ ಮುಚ್ಚುತ್ತಿದ್ದ, ಅಲ್ಲಿ ಮುಚ್ಚದಿದ್ದರೇ ಜನ ತಿರುಗಿ ನೋಡುತ್ತಿದ್ದರು. ಕೆಲಸದ ಜಾಗದಲ್ಲಿ ಮಾತ್ರ ಬ್ರೆಡ್ಡಿನ ಡಬ್ಬಿ ತೆರೆದ ಮೇಲೆ ಕನ್ನಡಕ ತೆಗೆದು, ಜೇಬಿನಿಂದ ಬೂದು ಬಣ್ಣದ ಬಟ್ಟೆ ಎಳೆದು, ತಲೆ ತಗ್ಗಿಸಿ ಗಾಜು ಒರೆಸುತ್ತಿದ್ದ. ಕನ್ನಡಕ ಒರೆಸುವವನ ಕಣ್ಣು ಮುಚ್ಚಿದ್ದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ತುಟಿ ಅಲುಗಿದರೆ ಗಾಜಿಗೆ ಉಸಿರು ಊದುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಹನ್ನೊಂದು ವರ್ಷ ಹೀಗೇ ನಡೆದಿತ್ತು. ಇಡೀ ಪ್ರಾಂತ್ಯದಲ್ಲಿ ಅವನದಷ್ಟು ಚೊಕ್ಕಟವಾದ ಕನ್ನಡಕ ಇನ್ನೊಬ್ಬರದಿದ್ದಿರಲಾರದು.

ಆ ಗುರುವಾರ ಹನ್ನೆರಡೂವರೆಗೆ ಅವನು ನಿಯಂತ್ರಣ ಕೇಂದ್ರದ ಮೂರನೇ ಮಹಡಿಯ ಕ್ಯಾಂಟೀನಿನಲ್ಲಿ ಕಿಟಕಿಗೆ ಒರಗಿ ಕೂತಿದ್ದ. ಎರಡು ಗಂಟೆಗೆ ವಿಚಾರಣೆ. ಅಪಘಾತವಾಗಿ ಹತ್ತು ದಿನವಾಗಿತ್ತು, ಹತ್ತು ದಿನದಿಂದ ಅವನನ್ನು ಸೇತುವೆಗಳನ್ನು ತೋರಿಸುವ ಪರದೆಗಳ ಮುಂದೆ ಕೂರಿಸಿರಲಿಲ್ಲ. ಮನೆಯಲ್ಲಿದ್ದು ಸುಧಾರಿಸಿಕೊಳ್ಳಿ ಎಂದಿದ್ದರು, ಗಾಯವಾದದ್ದು ಅವನಿಗೇ ಅನ್ನುವ ಹಾಗೆ. ಡಬ್ಬಿ ಮೇಜಿನ ಮೇಲಿತ್ತು, ತೆರೆದಿರಲಿಲ್ಲ. ಕೆಳಗೆ ಕಾಲುವೆ ಅಲುಗದೆ ಮಲಗಿತ್ತು. ಮಂಜು ನೀರಿನಿಂದ ಏಳುತ್ತಿತ್ತೋ ನೀರಿಗೆ ಇಳಿಯುತ್ತಿತ್ತೋ ತಿಳಿಯುತ್ತಿರಲಿಲ್ಲ. ಮರಳು ತುಂಬಿದ ಉದ್ದನೆಯ ಸರಕುದೋಣಿ, ಬಾರ್ಜೊಂದು ಸರಿದುಹೋಯಿತು. ಅದರ ಹಿಂಬದಿಯಲ್ಲಿ ಒಗೆದ ಬಟ್ಟೆ ಹರವಿದ್ದರು, ಬಿಳಿ ಅಂಗಿಯೊಂದು ತೋಳೆತ್ತಿ ತೋಳಿಳಿಸಿ ಯಾರನ್ನೋ ಕರೆಯುತ್ತ ಹೋಯಿತು. ದಪ್ಪ ಗಾಜಿನಾಚೆ ಎಲ್ಲವೂ ಸದ್ದಿಲ್ಲದೆ ನಡೆಯುತ್ತಿತ್ತು. ಈ ಕಟ್ಟಡದಲ್ಲಿ ಎಲ್ಲವೂ ಹಾಗೆಯೇ. ದೋಣಿಗಳಿಗೆ ದಾರಿ ಬಿಡಲು ಹದಿನಾಲ್ಕು ಎತ್ತುಸೇತುವೆಗಳನ್ನು ಇಲ್ಲಿ ಕೂತು ಎತ್ತುತ್ತಾರೆ, ಇಳಿಸುತ್ತಾರೆ. ಕೆಲವು ಸೇತುವೆ ಮೂವತ್ತು ಕಿಲೋಮೀಟರ್ ದೂರ. ಪರದೆಯಲ್ಲಿ ಗಂಟೆ ಬಾರಿಸುವುದು ಕಾಣುತ್ತದೆ, ಕೇಳಿಸುವುದಿಲ್ಲ. ಗಾಳಿಗೆ ಮರ ಬಾಗುವುದು ಕಾಣುತ್ತದೆ. ಜನ ಬಾಯಿ ತೆರೆಯುವುದು ಕಾಣುತ್ತದೆ.

ಹನ್ನೊಂದು ವರ್ಷಕ್ಕೆ ಮುಂಚೆ ಅವನು ಸೇತುವೆಯ ಮೇಲೇ ಇದ್ದ. ಮೂರು ಹೆಜ್ಜೆ ಉದ್ದ, ಎರಡು ಹೆಜ್ಜೆ ಅಗಲದ ಹಸಿರು ಗೂಡು, ಒಳಗೊಂದು ಎಣ್ಣೆಯ ಒಲೆ, ಕಿಟಕಿಯ ಪಟ್ಟಿಯ ಮೇಲೆ ಸತ್ತ ನೊಣಗಳು. ಮಧ್ಯಾಹ್ನ ಡಬ್ಬಿ ತೆರೆದು ಕೈ ಜೋಡಿಸಿದರೆ ಅವನನ್ನು ನೋಡಲು ನೀರುಕೋಳಿ ಬಿಟ್ಟರೆ ಇನ್ನಾರೂ ಇರಲಿಲ್ಲ. ಕಣ್ಣು ಮುಚ್ಚಿದರೆ ರೆಪ್ಪೆಯೊಳಗೆ ಒಂದು ಕೆಂಪು ಬೆಳಕು, ಅದರಲ್ಲಿ ಅವನು ಮೆಲ್ಲಗೆ ಮುಳುಗುತ್ತಿದ್ದ, ಬೆಚ್ಚಗಿನ ನೀರಿಗೆ ಇಳಿದ ಹಾಗೆ, ಕಾಲಿಗೆ ನೆಲ ಸಿಗುವ ತನಕ. ದೋಣಿಯವರು ಕಾಯುತ್ತಿದ್ದರು. ಕ್ರೈನ್ ಊಟಕ್ಕೆ ಕೂತಿದ್ದಾನೆ ಅಂತ ಅವರಿಗೆ ಗೊತ್ತು, ಒಂದು ನಿಮಿಷ ಯಂತ್ರ ನಿಲ್ಲಿಸಿ ತೇಲುತ್ತಿದ್ದರು, ಅವರಲ್ಲಿ ಕೆಲವರು ಟೋಪಿಯನ್ನೂ ತೆಗೆಯುತ್ತಿದ್ದರು. ಆಮೇಲೆ ಗೂಡುಗಳನ್ನೆಲ್ಲ ಮುಚ್ಚಿ ಎಲ್ಲರನ್ನೂ ಈ ಕಟ್ಟಡಕ್ಕೆ ತಂದರು. ಇಲ್ಲಿ ಅಕ್ಕಪಕ್ಕದಲ್ಲಿ ಮನುಷ್ಯರಿದ್ದರು.

"ಏನ್ ಪಾದ್ರಿ, ಇನ್ನೂ ಡಬ್ಬಿ ಬಿಚ್ಚಿಲ್ವಾ?" ಯೋರಿಸ್ ಎರಡು ಲೋಟ ಕಾಫಿ ತಂದು ಎದುರಿಗೆ ಕೂತ. ಪಕ್ಕದ ಕುರ್ಚಿಯ ಸಹೋದ್ಯೋಗಿ, ಮೂವತ್ತೆರಡು ವಯಸ್ಸು, ಸಿಗರೇಟಿನ ವಾಸನೆ ಬಿಟ್ಟರೆ ಇನ್ನಾವ ಕೆಟ್ಟ ಗುಣವೂ ಇಲ್ಲದವನು. ಕ್ರೈನ್‌ನ ಭಾನುವಾರದ ಪಾಳಿಗಳನ್ನೆಲ್ಲ ಅವನೇ ಮಾಡುತ್ತಿದ್ದ. ಬದಲಿಗೆ ಹೊಸ ವರ್ಷದ ದಿನ, ಅರಸನ ಹುಟ್ಟುಹಬ್ಬದ ದಿನ, ಊರೆಲ್ಲ ಕುಡಿದು ತೇಲುವ ದಿನಗಳಲ್ಲಿ ಕ್ರೈನ್ ಬರುತ್ತಿದ್ದ. ಈ ಕೊಡುಕೊಳ್ಳುವಿಕೆಯ ಬಗ್ಗೆ ಇಬ್ಬರೂ ಒಂದು ದಿನವೂ ಗಂಭೀರವಾಗಿ ಮಾತಾಡಿರಲಿಲ್ಲ.

"ಹಸಿವಿಲ್ಲ" ಎಂದ ಕ್ರೈನ್.

"ಹಸಿವಿಲ್ಲದೆ ಆ ತನಿಖೆಯ ಹೆಡ್ವಿಗ್ ಮುಂದೆ ಹೋಗ್ಬೇಡ. ಹೆಂಗಸು ಒಳ್ಳೆಯವಳೇ, ಆದ್ರೆ ನಿಧಾನ. ಒಂದು ವಾಕ್ಯ ಟೈಪ್ ಮಾಡೋಕೆ ಒಂದು ಬಾರ್ಜು ದಾಟ್ಹೋಗುತ್ತೆ." ಯೋರಿಸ್ ಮುಂದಕ್ಕೆ ಬಾಗಿದ. "ಕೇಳು. ಮೂರನೇ ಕ್ಯಾಮರಾ ಬಗ್ಗೆ ನಾನು ಮೂರು ಸಲ ದೂರು ಬರ್ದಿದ್ದೀನಿ. ರಸ್ತೆ ಒದ್ದೆಯಾಗಿ ಬಿಸಿಲು ಬಿದ್ರೆ ಆ ಪರದೆ ಹಾಲಿನ ತಟ್ಟೆ ಆಗುತ್ತೆ ಅಂತ. ಆವತ್ತೂ ಹಾಗೇ ಆಗಿತ್ತು. ರೆಕಾರ್ಡಿಂಗಲ್ಲಿ ಅರ್ಧ ಬೆಳ್ಳಗಿದೆಯಂತೆ. ನೀನು ನೋಡ್ದೆ, ಕಾಣ್ಲಿಲ್ಲ. ಮುಗೀತು. ನಿನ್ನ ಕೆಲಸ ಉಳಿಯುತ್ತೆ, ಆ ದರಿದ್ರ ಕ್ಯಾಮರಾನೂ ಬದಲಾಯಿಸ್ತಾರೆ. ನಾಳೆ ಇನ್ನೊಬ್ಬರ ಕೈ ಉಳಿಯುತ್ತೆ."

"ನಾನು ನೋಡಿದ್ನಾ?" ಎಂದ ಕ್ರೈನ್, ತನ್ನನ್ನೇ ಕೇಳಿಕೊಂಡ ಹಾಗೆ.

ಯೋರಿಸ್ ಕಾಫಿಗೆ ಸಕ್ಕರೆ ಹಾಕಿ ಕಲಕುತ್ತ ಕೂತ. ಚಮಚ ಲೋಟದ ಅಂಚಿಗೆ ತಾಗಿ ಕಿಣಿಕಿಣಿ ಎನ್ನುತ್ತಿತ್ತು, ದೂರದಲ್ಲೆಲ್ಲೋ ಸೇತುವೆಯ ಗಂಟೆ ಬಾರಿಸಿದ ಹಾಗೆ, ಆಮೇಲೆ ಅದು ಅವನು ಓದಿದ ತಾಂತ್ರಿಕ ಶಾಲೆಯ ಊಟದ ಗಂಟೆಯ ಹಾಗೆ. ಹದಿನಾರು ವಯಸ್ಸಿನ ಕ್ರೈನ್ ಉದ್ದ ಮೇಜಿನ ತುದಿಯಲ್ಲಿ ಕೂತು, ಅಪ್ಪ ಕಲಿಸಿದ ಹಾಗೆ ಕೈ ಜೋಡಿಸಿ ಕಣ್ಣು ಮುಚ್ಚಿದ್ದ. ಕಣ್ಣು ತೆರೆದಾಗ ಎಲ್ಲರೂ ತಮ್ಮ ತಮ್ಮ ಬ್ರೆಡ್ಡು ತಿನ್ನುತ್ತಿದ್ದರು, ಯಾರೂ ಅವನ ಕಡೆ ನೋಡುತ್ತಿರಲಿಲ್ಲ. ಆಗಲೇ ಅವನಿಗೆ ಅನುಮಾನ ಬರಬೇಕಿತ್ತು. ಬ್ರೆಡ್ಡಿನ ನಡುವಿನ ಚೀಸಿನ ಹೋಳು ತೆಗೆದು, ಪಾತ್ರೆ ತೊಳೆಯುವ ಹಳದಿ ಸ್ಪಂಜನ್ನು ಅದೇ ಅಳತೆಗೆ ಕತ್ತರಿಸಿ ಇಟ್ಟಿದ್ದರು. ಅವನು ಕಚ್ಚಿದ. ಸಾಬೂನಿನ ರುಚಿ ಬಂತು. ಉಗುಳಿದರೆ ನಗುತ್ತಾರೆಂದು ಅಗಿದ, ಅಗಿದದ್ದನ್ನು ನುಂಗಿದ. ಆಗ ಅವರು ಇನ್ನೂ ಜೋರಾಗಿ ನಕ್ಕರು. ಅವರ ತಪ್ಪೇನೂ ಇರಲಿಲ್ಲ, ಸ್ಪಂಜು ನುಂಗುವವನನ್ನು ಕಂಡರೆ ಯಾರಾದರೂ ನಗುತ್ತಾರೆ. ಮಾರನೆಯ ವಾರವೇ ಅವನಿಗೆ ಕನ್ನಡಕ ಬಂತು. ದೂರದ್ದು ಕಾಣುವುದಿಲ್ಲವೆಂದು ಶಾಲೆಯ ವೈದ್ಯರು ಬರೆದುಕೊಟ್ಟರು. ದೇವರು ಕೊಟ್ಟ ಕನ್ನಡಕ ಎಂದು ಅವನು ಎಷ್ಟೋ ವರ್ಷ ಅಂದುಕೊಂಡಿದ್ದ.

ಅಪ್ಪ ಕಪ್ಪೆಚಿಪ್ಪು ಹಿಡಿಯುವ ದೋಣಿಯಲ್ಲಿ ಕೆಲಸ ಮಾಡಿದವನು. ಅವನಿಗೆ ಕನ್ನಡಕ ಬೇಕಿರಲಿಲ್ಲ. ಕೊಲ್ಲಿ ದಾಟುವ ಹಡಗಿನ ಕ್ಯಾಂಟೀನಿನಲ್ಲಿ, ಪ್ರವಾಸಕ್ಕೆ ಹೊರಟ ಜನ ಕಿಕ್ಕಿರಿದಿದ್ದಾಗ, ಅವನು ಬಟಾಣಿ ಸಾರಿನ ಬೋಗುಣಿಯ ಮುಂದೆ ಎದ್ದು ನಿಂತು ಟೋಪಿ ತೆಗೆದು ಗಟ್ಟಿಯಾಗಿ ಪ್ರಾರ್ಥನೆ ಮಾಡಿದ್ದ. ಸಾರು ಆರುವಷ್ಟು ಹೊತ್ತು. ಹದಿನೇಳರ ಕ್ರೈನ್ ಆಗ ತಟ್ಟೆ ಬಿಟ್ಟೆದ್ದು ಹೋಗಿ, ಗೋಡೆಗೆ ಅಂಟಿಸಿದ ಹಡಗಿನ ವೇಳಾಪಟ್ಟಿ ಓದುತ್ತ ನಿಂತಿದ್ದ. ಅದರಲ್ಲಿದ್ದದ್ದು ಆ ಒಂದೇ ಹಡಗು. ಹೊರಡುವ ಹೊತ್ತು, ಸೇರುವ ಹೊತ್ತು, ಹೊರಡುವ ಹೊತ್ತು, ಸೇರುವ ಹೊತ್ತು ಎಂದು ಅವನು ಓದಿದ. ಬೆನ್ನ ಹಿಂದೆ ಅಪ್ಪನ ದನಿ ಕೇಳುತ್ತಲೇ ಇತ್ತು, ಮೀನು ಮಾರುವವನ ದನಿ, ಒಂದಿಷ್ಟೂ ನಾಚಿಕೆಯಿಲ್ಲದ ದನಿ. ವಾಪಸು ಬಂದು ಕೂತಾಗ ಅಪ್ಪ ನಿನ್ನ ಸಾರು ಆರಿದೆ ಎಂದ, ಅಷ್ಟೆ.

"ಮನೇಲಿ ಯಾನ್ನಾ ಹೇಗಿದ್ದಾಳೆ?" ಯೋರಿಸ್ ಕೇಳಿದ.

"ಆಸ್ಪತ್ರೆಗೆ ಹೋಗಿದ್ಲು. ಆ ಹೆಂಗಸನ್ನ ನೋಡೋಕೆ. ಸೂಪು ತಗೊಂಡು."

"ಅಯ್ಯಪ್ಪಾ. ನಿಮ್ಮ ಜನ ಎಲ್ಲಾದಕ್ಕೂ ಸೂಪು."

ಕ್ರೈನ್ ನಕ್ಕ. ಹತ್ತು ದಿನದಲ್ಲಿ ಮೊದಲ ಸಲ ನಕ್ಕದ್ದು. ನಕ್ಕಾಗ ಕೆನ್ನೆಗೆ ನೋವಾಯಿತು.

ಸೇತುವೆಯಲ್ಲಿ ಗಾಯಗೊಂಡ ಆ ಹೆಂಗಸಿನ ಹೆಸರು ವಿಲ್ಲೆಮೀನ್. ಐವತ್ತೆಂಟು ವಯಸ್ಸು, ಶಾಲೆಯೊಂದರಲ್ಲಿ ನೆಲ ಒರೆಸುವ ಕೆಲಸ. ಹೆಂಡತಿ ಯಾನ್ನಾ ವಾಪಸು ಬಂದು ಕೋಟು ಕಳಚದೆಯೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ್ದಳು. "ಕೋಪ ಇಲ್ಲ ಅವರಿಗೆ. ಕೆಂಪು ದೀಪ ಹತ್ತಿದ ಮೇಲೂ ನುಗ್ಗಿದ್ದು ನನ್ನ ತಪ್ಪೇ ಅಂದ್ರು. ಮಗಳ ಹುಟ್ಟುಹಬ್ಬಕ್ಕೆ ಕೇಕು ತಗೊಂಡು ಹೋಗ್ತಿದ್ರಂತೆ, ತಡ ಆಗಿತ್ತಂತೆ. ಒಂದೇ ಮಾತು ಕೇಳಿದ್ರು. ನಿಮ್ಮವರು ಆಗ ಏನ್ ಮಾಡ್ತಿದ್ರು ಅಂತ."

"ನೀನೇನಂದೆ?"

"ಗೊತ್ತಿಲ್ಲ ಅಂದೆ." ಯಾನ್ನಾ ಕೋಟಿನ ಗುಂಡಿ ಬಿಚ್ಚುತ್ತಿದ್ದಳು. "ನನಗೆ ಗೊತ್ತಿತ್ತು ಕ್ರೈನ್. ಹನ್ನೆರಡು ಗಂಟೆ ಏಳು ನಿಮಿಷಕ್ಕೆ ನೀನೇನ್ ಮಾಡ್ತಿರ್ತೀಯ ಅಂತ ನನಗೆ ಗೊತ್ತಿಲ್ವಾ? ಆದ್ರೂ ಗೊತ್ತಿಲ್ಲ ಅಂದೆ. ನಿನ್ನ ಸಲುವಾಗಿ ನಾನು ಸುಳ್ಳು ಹೇಳಿದ್ದು ಇದೇ ಮೊದಲು."

ನಿನ್ನೆ ಸಂಜೆ ಇಸಾಕ್ ಬಂದಿದ್ದರು. ಬೀಜದ ಆಲೂಗಡ್ಡೆ ಬೆಳೆಯುವವರು, ಸಭೆಯ ಹಿರಿಯರಲ್ಲಿ ಹಿರಿಯರು. ಕಪ್ಪು ಕೋಟಿನಲ್ಲೇ ಕೂತು, ಪಾದ್ರಿಯ ಪ್ರಸಂಗದ ನಡುವೆ ಬೆಂಚಿನುದ್ದಕ್ಕೂ ದಾಟಿಸುವ ಅದೇ ಪೆಪ್ಪರ್‌ಮೆಂಟಿನ ಸುರುಳಿ ತೆಗೆದು ಕ್ರೈನ್‌ಗೆ ಒಂದು ಕೊಟ್ಟು ತಾವೊಂದು ಬಾಯಿಗೆ ಹಾಕಿಕೊಂಡರು. ಮೊದಲು ಹವಾಮಾನ, ಆಮೇಲೆ ಮಣ್ಣಿನ ತೇವ, ಆಮೇಲೆ ಮುಂದಿನ ತಿಂಗಳು ಹಿರಿಯರ ಆಯ್ಕೆಗೆ ಕ್ರೈನ್‌ನ ಹೆಸರು ಪಟ್ಟಿಯಲ್ಲಿರುವ ಸಂಗತಿ. 

"ತಮ್ಮಾ, ಸುಳ್ಳು ಹೇಳು ಅಂತ ನಾನು ಹೇಳ್ತಿಲ್ಲ" ಎಂದರು ಇಸಾಕ್. "ಗಮನ ತಪ್ಪಿತು ಅನ್ನು. ತಪ್ಪಿದ್ದು ನಿಜ ತಾನೆ?"

"ನಿಜ."

"ಅದಕ್ಕಿಂತ ಜಾಸ್ತಿ ಬೇಡ. ಪೇಪರಿನವರ ಕೈಗೆ ಸಿಕ್ಕಿದ್ರೆ ಏನಾಗುತ್ತೆ ಯೋಚನೆ ಮಾಡು. ಪ್ರಾರ್ಥನೆ ಮಾಡ್ತಾ ಹೆಂಗಸಿನ ಬೆರಳು ಕತ್ತರಿಸಿದ ಅಂತ ಹಾಕ್ತಾರೆ. ಊರೆಲ್ಲ ನಗುತ್ತೆ. ನಿನ್ನನ್ನ ನೋಡಿ ನಕ್ಕರೆ ನಗಲಿ. ಆದ್ರೆ ದೇವರ ಹೆಸರನ್ನ ನೋಡಿ ನಗ್ತಾರೆ. ಅದನ್ನ ನೀನು ಹೊತ್ಕೋತೀಯ?"

ಕ್ರೈನ್ ಪೆಪ್ಪರ್‌ಮೆಂಟನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿದ. ಈಗ ಕ್ಯಾಂಟೀನಿನಲ್ಲಿ ಯೋರಿಸ್ ಹೇಳಿದ್ದೂ ಇದೇ, ದೇವರನ್ನೇ ನಂಬದ ಯೋರಿಸ್. ಇವರಿಬ್ಬರೂ ಒಂದೇ ಮಾತಿಗೆ ಬಂದು ನಿಂತಿರುವುದು ಅವನಿಗೆ ವಿಚಿತ್ರವಾಗಿ ಕಂಡಿತು. ಕಾಲುವೆಯ ಎರಡು ದಡದಿಂದ ಇಬ್ಬರು ಕೂಗಿ, ನಡುವಿನ ದೋಣಿಗೆ ಒಂದೇ ದಾರಿ ತೋರಿಸಿದ ಹಾಗೆ. ಆ ದಾರಿಯಲ್ಲಿ ಹೋದರೆ ಯಾರಿಗೂ ತೊಂದರೆಯಿರಲಿಲ್ಲ.

"ಟೈಮಾಯ್ತು ನೋಡು" ಎಂದ ಯೋರಿಸ್. "ಹಾಲಿನ ತಟ್ಟೆ. ಮರೀಬೇಡ."

ಹೆಡ್ವಿಗ್‌ಳ ಕೋಣೆಯಲ್ಲಿ ಒಂದು ಗಿಡವಿತ್ತು, ಎಲೆಗಳು ಒರೆಸಿದ ಹಾಗೆ ಹೊಳೆಯುತ್ತಿದ್ದವು. ರಾಜಧಾನಿಯ ಕಚೇರಿಯಿಂದ ಬಂದ ತನಿಖಾಧಿಕಾರಿ, ಐವತ್ತರ ಆಸುಪಾಸು, ಮೆಲ್ಲಗಿನ ದನಿ. ನೀರು ಬೇಕೇ ಎಂದಳು. ಯಾವಾಗ ಬೇಕಾದರೂ ನಿಲ್ಲಿಸಬಹುದು ಎಂದಳು. ಕ್ರೈನ್‌ಗೆ ದಂತವೈದ್ಯರ ಕುರ್ಚಿಯಲ್ಲಿ ಕೂತ ಹಾಗಾಯಿತು. ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು.

ಅವನು ಅದನ್ನು ನೋಡುತ್ತಿದ್ದದ್ದು ಅದೇ ಮೊದಲು. ಆವತ್ತು ಏನಾಯಿತೆಂದು ಅವನಿಗೆ ತಿಳಿಸಿದ್ದು ಕಾಯುತ್ತಿದ್ದ ದೋಣಿಯವನು, ರೇಡಿಯೋದಲ್ಲಿ, ಇಳಿಸು ಇಳಿಸು ಎಂದು ಕಿರುಚಿದ್ದ. ಈಗ ನಾಲ್ಕು ಚೌಕಗಳಲ್ಲಿ ಸೇತುವೆ ಶಾಂತವಾಗಿತ್ತು. ಮೂಲೆಯಲ್ಲಿ ಅಂಕಿಗಳು ಓಡುತ್ತಿದ್ದವು. ಹನ್ನೆರಡು ಗಂಟೆ ಏಳು ನಿಮಿಷ, ಮೊದಲ ಗುಂಡಿ. ದೀಪ ಕೆಂಪಾಯಿತು, ಕೇಳಿಸದ ಗಂಟೆ ಬಾರಿಸಿತು, ಗೇಟುಗಳು ತೂಕಡಿಸುವವನ ರೆಪ್ಪೆಯಂತೆ ಇಳಿಯತೊಡಗಿದವು. ಗೇಟು ಬಿದ್ದು ಬೀಗ ಕೂರುವುದಕ್ಕೆ ಇಪ್ಪತ್ತೊಂದು ಸೆಕೆಂಡು. ಆ ಹೊತ್ತಿನಲ್ಲಿ ನಿರ್ವಾಹಕ ನಾಲ್ಕೂ ಚೌಕ ನೋಡಬೇಕು, ಆಮೇಲೆ ಸೇತುವೆ ಎತ್ತುವ ಎರಡನೆಯ ಗುಂಡಿ. ಮೂರನೆಯ ಚೌಕ ಅರ್ಧ ಬೆಳ್ಳಗಿತ್ತು. ಇನ್ನರ್ಧದಲ್ಲಿ ನೀಲಿ ಕೋಟಿನ ಹೆಂಗಸೊಬ್ಬಳು ಸೈಕಲ್ ತಳ್ಳಿಕೊಂಡು ಓಡಿಬಂದಳು, ಗೇಟಿನ ಕೆಳಗೆ ತಗ್ಗಿದಳು, ಎದುರಿನ ಗೇಟು ಆಗಲೇ ಬಿದ್ದದ್ದನ್ನು ನೋಡಿ ನಿಂತಳು. ಸೈಕಲ್ಲಿನ ಹಿಂದೆ ಒಂದು ಬಿಳಿ ಡಬ್ಬಿ ಕಟ್ಟಿತ್ತು. ಅವಳು ಸುತ್ತ ನೋಡಿದಳು. ಕಂಬದ ಮೇಲಿನ ಕ್ಯಾಮರಾ ಕಂಡಿತು. ತಲೆಯೆತ್ತಿ ನೇರ ಅವನ ಕಡೆ ನೋಡಿ ಕೈ ಎತ್ತಿದಳು. ತಾಳಿ, ಸ್ವಲ್ಪ ತಾಳಿ ಎನ್ನುವ ಹಾಗೆ. ನಕ್ಕಳೋ ಏನೋ. ಅಲ್ಲೊಬ್ಬ ಮನುಷ್ಯ ಕೂತಿದ್ದಾನೆ, ನೋಡುತ್ತಿದ್ದಾನೆ ಎಂದು ಅವಳಿಗೆ ಸಂಶಯವೇ ಇರಲಿಲ್ಲ. ಎತ್ತಿದ ಕೈ ಹಾಗೇ ಇರುವಾಗ ಕಾಲ ಕೆಳಗಿನ ರಸ್ತೆ ಓರೆಯಾಗತೊಡಗಿತು. ಸೈಕಲ್ ಜಾರಿತು, ಅದರ ಹಿಂದೆ ಅವಳು ಜಾರಿದಳು, ಸೇತುವೆಯ ಬುಡದ ಸೀಳಿನ ಹತ್ತಿರ ಅಂಗೈ ಊರಿದಳು. ಹೆಡ್ವಿಗ್ ಅಲ್ಲಿಗೆ ನಿಲ್ಲಿಸಿದಳು.

ಆ ಹೆಂಗಸು ಕೈ ಎತ್ತಿದಾಗ ಅವನು ಆ ಕೆಂಪು ಬೆಳಕಿನಲ್ಲಿದ್ದ. ನಿಜ ಹೇಳಬೇಕೆಂದರೆ ಅಲ್ಲಿಯೂ ಇರಲಿಲ್ಲ. ಈ ಕಟ್ಟಡಕ್ಕೆ ಬಂದ ಮೇಲೆ ಅವನು ಒಂದು ದಿನವೂ ತಳ ಮುಟ್ಟಿರಲಿಲ್ಲ. ಪ್ರಾರ್ಥನೆಯನ್ನು ಕತ್ತರಿಸಿ ಕತ್ತರಿಸಿ ಗೇಟು ಬೀಳುವಷ್ಟು ಹೊತ್ತಿಗೆ ಸರಿಹೊಂದಿಸಿದ್ದ. ದೋಣಿ ಬಂದರೆ ಮೊದಲ ಗುಂಡಿ ಒತ್ತಿ, ಕನ್ನಡಕ ತೆಗೆದು, ಆಮೆನ್ ಎಂದು ಕನ್ನಡಕ ಹಾಕಿಕೊಂಡು ಎರಡನೆಯ ಗುಂಡಿ. ಅಷ್ಟು ಚಿಕ್ಕದರಲ್ಲಿ ದೇವರಿಗೂ ಜಾಗವಿರಲಿಲ್ಲ, ಸೇತುವೆಗೂ ಇರಲಿಲ್ಲ. ಅದರಲ್ಲಿ ಪೂರ್ತಿ ತುಂಬಿದ್ದದ್ದು ಅಕ್ಕಪಕ್ಕದವರು ಗಮನಿಸಿದರೋ ಎಂಬ ಭಯ.

"ಎರಡು ಗುಂಡಿಗಳ ನಡುವೆ ಇಪ್ಪತ್ತೊಂದು ಸೆಕೆಂಡು" ಎಂದಳು ಹೆಡ್ವಿಗ್. "ಆಗ ನೀವು ಏನು ಮಾಡ್ತಿದ್ರಿ?" ಅವಳೇ ಮೆಲ್ಲಗೆ ಸೇರಿಸಿದಳು, "ಕ್ಯಾಮರಾ ಬಗ್ಗೆ ಮೂರು ದೂರು ಇವೆ. ನನ್ನ ಹತ್ರ ಪ್ರತಿ ಇದೆ."

"ಕಣ್ಣು ಮುಚ್ಚಿದ್ದೆ."

"ನಿದ್ದೇನಾ?"

"ಅಲ್ಲ. ಪ್ರಾರ್ಥನೆ. ಊಟಕ್ಕೆ ಮುಂಚೆ ಮಾಡ್ತೀವಲ್ಲ, ಅದು."

ಹೆಡ್ವಿಗ್ ಕೀಲಿಗಳ ಮೇಲಿಂದ ಬೆರಳು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಕೋಣೆಯಲ್ಲಿ ಯಾರೋ ಬಟ್ಟೆ ಬಿಚ್ಚಿ ನಿಂತ ಹಾಗೆ ಅವಳ ಕಣ್ಣು ಗಿಡದ ಕಡೆ ಹೋಯಿತು. "ಇದನ್ನ ನಾನು ಬರೆಯೋ ಹಾಗಿಲ್ಲ."

"ಯಾಕೆ?"

"ಒಬ್ಬರ ಕಾಯಿಲೆ, ಓಟು, ಧರ್ಮ, ಇವನ್ನ ದಾಖಲೆಯಲ್ಲಿ ಹಾಕೋಕೆ ಕಾನೂನು ಬಿಡಲ್ಲ. ನಿಮ್ಮ ರಕ್ಷಣೆಗೇ ಇರೋ ಕಾನೂನು ಅದು." ಅವಳು ಸ್ವಲ್ಪ ಯೋಚಿಸಿದಳು. "ನಿರ್ವಾಹಕರು ಊಟದಲ್ಲಿದ್ದರು ಅಂತ ಹಾಕ್ಲಾ?"

"ನಾನು ಊಟ ಮಾಡಿರ್ಲಿಲ್ಲ."

"ಡಬ್ಬಿ ತೆಗೆದಿತ್ತು ಅಲ್ವಾ?"

"ತೆಗೆದಿತ್ತು. ಒಂದು ತುತ್ತೂ ತಿಂದಿರ್ಲಿಲ್ಲ."

ಇಬ್ಬರೂ ಒಂದು ಕ್ಷಣ ಆ ತಿನ್ನದ ತುತ್ತಿನ ಬಗ್ಗೆ ಗಂಭೀರವಾಗಿ ಯೋಚಿಸಿದರು. ಕ್ರೈನ್‌ಗೆ ನಗು ಬಂತು. ಜೀವಮಾನವಿಡೀ ಮುಚ್ಚಿಟ್ಟದ್ದನ್ನು ಕೊನೆಗೂ ಬಾಯಿಬಿಟ್ಟು ಹೇಳಿದರೆ ಎದುರಿಗಿರುವವಳು ಮರ್ಯಾದೆಯಿಂದ ಅದನ್ನು ಮತ್ತೆ ಮುಚ್ಚಿಕೊಡುತ್ತಿದ್ದಳು, ಜಾರಿಬಿದ್ದ ಶಾಲನ್ನು ಎತ್ತಿ ಭುಜಕ್ಕೆ ಹೊದಿಸಿದ ಹಾಗೆ. ತಲೆಯಾಡಿಸಿದರೆ ಸಾಕಿತ್ತು. ಹೇಳಬೇಕಾದ್ದನ್ನು ಹೇಳಿಯಾಗಿತ್ತು, ಬರೆಯಲಿಲ್ಲವೆಂದರೆ ಅದು ಅವನ ತಪ್ಪಲ್ಲ. ಇಸಾಕ್‌ಗೂ ಸಮಾಧಾನ, ಯೋರಿಸ್‌ಗೂ ಸಮಾಧಾನ. ಪರದೆಯ ಮೇಲೆ ನಿಲ್ಲಿಸಿದ ಚಿತ್ರದಲ್ಲಿ ಸೈಕಲ್ಲಿನ ಚಕ್ರ ಗಾಳಿಯಲ್ಲಿತ್ತು. ವಿಲ್ಲೆಮೀನ್ ಕೇಳಿದ್ದು ಒಂದೇ ಮಾತು, ಅದಕ್ಕೆ ಅವರಿಗೆ ಸಿಗುವ ಉತ್ತರ ಈ ಕಾಗದದಲ್ಲಿರುತ್ತದೆ. ಅವನು ಬ್ರೆಡ್ಡು ತಿನ್ನುತ್ತಿದ್ದನಂತೆ.

"ಪ್ರಾರ್ಥನೆ ಮಾಡಿದ್ದು ತಪ್ಪಲ್ಲ ಮೇಡಂ" ಎಂದ. ದನಿ ಅವನಿಗೇ ಒರಟಾಗಿ ಕೇಳಿಸಿತು. "ಬಚ್ಚಿಟ್ಟದ್ದು ತಪ್ಪು. ಇಲ್ಲಿ ಒಂದು ಪದ್ಧತಿ ಇದೆ. ಸಿಗರೇಟಿಗೆ ಹೋಗೋರು, ಮೂತ್ರಕ್ಕೆ ಹೋಗೋರು, ಪಕ್ಕದವನಿಗೆ ನನ್ನ ಸೇತುವೆ ನೋಡ್ಕೋ ಅಂತ ಹೇಳಿ ಹೋಗ್ಬೇಕು. ಯೋರಿಸ್ ದಿನಕ್ಕೆ ಆರು ಸಲ ಹೇಳ್ತಾನೆ. ನಾನು ಹನ್ನೊಂದು ವರ್ಷದಲ್ಲಿ ಪ್ರಾರ್ಥನೆಗೆ ಅಂತ ಒಂದು ಸಲಾನೂ ಹೇಳಿಲ್ಲ. ಹೇಳಿದ್ರೆ ಯಾಕೆ ಅಂತ ಕೇಳ್ತಾರಲ್ಲ. ಅದಕ್ಕೇ ಗೇಟು ಬೀಳೋ ಹೊತ್ತಲ್ಲಿ ಕದ್ದು ಮುಗಿಸ್ತಿದ್ದೆ. ನಾಚಿಕೆ ಬಿಟ್ಟಿದ್ರೆ ಅವರ ಬೆರಳು ಇರ್ತಿತ್ತು. ಇದನ್ನ ಬರೀರಿ."

ಹೆಡ್ವಿಗ್ ಕಾಗದಗಳ ಕೊನೆಯ ಹಾಳೆಯನ್ನು ಮುಂದಕ್ಕೆ ತಳ್ಳಿದಳು. ಕೆಳಗೊಂದು ಖಾಲಿ ಚೌಕವಿತ್ತು. "ಇದು ನೌಕರರು ಸ್ವಂತ ಕೈಯಲ್ಲಿ ಬರೆಯೋ ಜಾಗ. ಇಲ್ಲಿ ನೀವು ಬರೆದ್ರೆ ನಾನು ತಡೆಯೋ ಹಾಗಿಲ್ಲ. ಆದ್ರೆ ಕೇಳಿ, ಕ್ಯಾಮರಾ ಕಾರಣ ಅಂತಾದ್ರೆ ನಿಮ್ಮ ಕೆಲಸ ಉಳಿಯುತ್ತೆ. ಇದನ್ನ ಬರೆದ್ರೆ ಉಳಿಯಲ್ಲ. ನಾನು ಉಳಿಸೋಕೆ ಆಗಲ್ಲ."

ಅವನು ಪೆನ್ನು ತೆಗೆದುಕೊಂಡ. ನಾಲ್ಕು ಸಾಲು ಬರೆದ. ಎರಡನೆಯ ಸಾಲಿನಲ್ಲಿ ಒಂದು ಪದ ಹೊಡೆದುಹಾಕಿ ಮತ್ತೆ ಬರೆದ. ಬರೆಯುವಾಗ ಇದರಲ್ಲೂ ಒಂದು ತೋರಿಕೆ ಇದೆಯೇ ಎಂಬ ಸಂಶಯ ಬಂತು, ಹಡಗಿನ ಕ್ಯಾಂಟೀನಿನಲ್ಲಿ ಮೂವತ್ತು ವರ್ಷ ತಡವಾಗಿ ಎದ್ದುನಿಂತ ಹಾಗೆ. ಇದ್ದರೂ ಇರಬಹುದು. ಮೇಲಿಂದ ಯಾವ ಶಾಂತಿಯೂ ಇಳಿಯಲಿಲ್ಲ. ಹೊಟ್ಟೆ ಹಸಿಯುತ್ತಿತ್ತು, ಹತ್ತು ದಿನದ ಹಸಿವು ಒಟ್ಟಿಗೆ ಬಂದ ಹಾಗೆ. ಸಹಿ ಹಾಕಿದ.

ಹೊರಗೆ ಸೈಕಲ್ ನಿಲ್ಲಿಸುವ ಚಾವಣಿಯ ಕೆಳಗೆ ಯೋರಿಸ್ ಸಿಗರೇಟು ಸೇದುತ್ತ ಕಾಯುತ್ತಿದ್ದ. ಮಂಜು ಇನ್ನೂ ಕರಗಿರಲಿಲ್ಲ, ಕಾಲುವೆಯ ಆಚೆ ದಡ ಇರಲೇ ಇಲ್ಲ. ಕ್ರೈನ್ ನಡೆದದ್ದನ್ನು ಹೇಳಿದ. ಯೋರಿಸ್ ಪೂರ್ತಿ ಕೇಳಿದ, ಕೇಳಿ ಸಿಗರೇಟನ್ನು ಕಂಬಕ್ಕೆ ಒತ್ತಿ ಆರಿಸಿದ.

"ಹಾಗಾದ್ರೆ ಆ ಕ್ಯಾಮರಾ ಅಲ್ಲೇ ಇರುತ್ತೆ. ಮೂರು ದೂರೂ ಕಸದ ಬುಟ್ಟಿಗೆ."

"ಇರಬಹುದು."

"ನೀನು ಸ್ವರ್ಗಕ್ಕೆ ಹೋಗು, ಕುರುಡು ಕ್ಯಾಮರಾ ನಮಗಿರಲಿ."

"ಯೋರಿಸ್, ನಾನು ಒಂದು ಮಾತು ನಿನಗೆ ಯಾವತ್ತೋ ಹೇಳ್ಬೇಕಿತ್ತು. ಮಧ್ಯಾಹ್ನ ಕನ್ನಡಕ ಒರೆಸ್ತಿದ್ನಲ್ಲ, ಅದು…"

"ಗೊತ್ತು."

ಕ್ರೈನ್ ಅವನ ಮುಖ ನೋಡಿದ.

"ಎಲ್ಲರಿಗೂ ಗೊತ್ತು ಕಣಯ್ಯಾ. ಮೊದಲನೇ ವಾರದಿಂದ ಗೊತ್ತು. ದಿನಾ ಅದೇ ಹೊತ್ತಿಗೆ, ಡಬ್ಬಿ ತೆಗೆದು, ತುಟಿ ಅಲ್ಲಾಡಿಸ್ತಾ ಯಾರಯ್ಯ ಕನ್ನಡಕ ಒರೆಸ್ತಾರೆ? ನೀನು ಒರೆಸೋಕೆ ಶುರು ಮಾಡಿದ್ರೆ ನಾವು ಮಾತು ನಿಲ್ಲಿಸ್ತಿದ್ವಿ. ನಿನಗೆ ಗೊತ್ತೇ ಆಗ್ಲಿಲ್ವಾ?"

ಗೊತ್ತಾಗಿತ್ತು. ಆ ಹೊತ್ತಿಗೆ ಕೋಣೆ ನೀರಿನಾಳದಂತೆ ನಿಶ್ಶಬ್ದವಾಗುತ್ತಿದ್ದದ್ದು ಅವನಿಗೆ ಗೊತ್ತಿತ್ತು. ಅದು ದೇವರು ಹತ್ತಿರ ಬಂದ ಗುರುತು ಎಂದು ಅವನು ಅಂದುಕೊಂಡಿದ್ದ.

"ಮಾತಾಡಿದ್ರೆ ನಿನಗೆ ಮುಜುಗರ ಆಗುತ್ತೆ ಅಂತ ಯಾರೂ ಮಾತಾಡ್ಲಿಲ್ಲ" ಎಂದ ಯೋರಿಸ್. ಅವನು ಇನ್ನೊಂದು ಸಿಗರೇಟು ತೆಗೆದ, ಹಚ್ಚಲಿಲ್ಲ. "ನೀನು ಕಣ್ಣು ಮುಚ್ಚಿದಾಗೆಲ್ಲ ನಾನು ನಿನ್ನ ಪರದೆ ನೋಡ್ತಿದ್ದೆ. ಹನ್ನೊಂದು ವರ್ಷ. ಒಂದು ಸಲ ಮೀನು ಹಿಡಿಯೋನೊಬ್ಬ ಗೇಟುಗಳ ನಡುವೆ ಸಿಕ್ಕಿಕೊಂಡಿದ್ದ, ನಾನು ಕೆಮ್ಮಿದೆ, ನೀನು ಕಣ್ಣು ತೆರೆದು ನಿಲ್ಲಿಸ್ದೆ. ನೆನಪಿದ್ಯಾ? ಆವತ್ತು ಮಾತ್ರ ನಾನು ಇಲ್ಲೇ ಇದ್ದೆ. ಇದೇ ಕಂಬದ ಹತ್ರ. ನನ್ನ ಸೇತುವೆ ನೋಡ್ಕೋ ಅಂತ ನಿನಗೇ ಹೇಳಿ ಬಂದಿದ್ದೆ."

ಕ್ರೈನ್ ಏನೋ ಹೇಳಲು ಬಾಯಿ ತೆರೆದ. ಯೋರಿಸ್ ಬೇಡವೆಂದು ತಲೆಯಾಡಿಸಿದ. "ಒಂದು ಮಾತು ಹೇಳಿದ್ರೆ ಆಗ್ತಿತ್ತು ಕ್ರೈನ್. ನೀನಾದ್ರೂ, ನಾನಾದ್ರೂ." ಅವನು ಸಿಗರೇಟನ್ನು ಪೆಟ್ಟಿಗೆಗೆ ವಾಪಸು ತುರುಕಿ, ಬಾಗಿಲು ತಳ್ಳಿಕೊಂಡು ಪಾಳಿಗೆ ಹೋದ. ತಿರುಗಿ ನೋಡಲಿಲ್ಲ.

ಏಪ್ರಿಲ್ ಮೊದಲ ವಾರ ಪತ್ರಿಕೆಯ ಐದನೆಯ ಪುಟದಲ್ಲಿ ಸುದ್ದಿ ಬಂತು, ಇಸಾಕ್ ಹೇಳಿದ್ದ ಶೀರ್ಷಿಕೆಯೇ, ಹೆಚ್ಚುಕಡಿಮೆ. ವಿಲ್ಲೆಮೀನ್ ಅವರ ಮನೆಗೆ ಕ್ರೈನ್ ಒಬ್ಬನೇ ಹೋಗಿ ಬಂದ. ಅವರು ಕಾಫಿ ಕೊಟ್ಟರು, ಅವನು ಹೇಳಿದ್ದನ್ನು ಕೇಳಿಸಿಕೊಂಡರು, ಸರಿ, ಗೊತ್ತಾಯಿತು ಎಂದರು. ಕ್ಷಮಿಸಿದೆ ಎನ್ನಲಿಲ್ಲ, ಅವನೂ ಕೇಳಲಿಲ್ಲ. ಯೋರಿಸ್ ಬೇರೆ ಪ್ರಾಂತ್ಯಕ್ಕೆ ವರ್ಗ ಕೇಳಿಕೊಂಡು ಹೋದ, ಹೋಗುವಾಗ ಹೇಳಿಹೋಗಲಿಲ್ಲ.

ಹೋದದ್ದು ಇಷ್ಟು. ಎಡಗೈಯ ಎರಡು ಬೆರಳು, ಉಂಗುರದ್ದು ಮತ್ತು ಕಿರುಬೆರಳು. ಒಂದು ಸೈಕಲ್. ಒಂದು ಸೇಬಿನ ಕೇಕು. ಹಿರಿಯರ ಪಟ್ಟಿಯಲ್ಲಿ ಒಂದು ಹೆಸರು. ಗೂಡಿನಲ್ಲಿ ಎಂಟು, ಕಟ್ಟಡದಲ್ಲಿ ಹನ್ನೊಂದು, ಒಟ್ಟು ಹತ್ತೊಂಬತ್ತು ವರ್ಷದ ಕೆಲಸ. ಒಬ್ಬ ಗೆಳೆಯ.